ಮೂವತ್ತಾರು ಗಂಟೆಯ ಉಸಿರು

ಊರುಗಳ ದೂರವನ್ನು ಕೆಲವರು ಕಿಲೋಮೀಟರಿನಲ್ಲಿ ಹೇಳುತ್ತಾರೆ, ಕೆಲವರು ಬಸ್ ಚಾರ್ಜಿನಲ್ಲಿ ಹೇಳುತ್ತಾರೆ. ಉಸಿರಕ್ಕ ಹೇಳುತ್ತಿದ್ದದ್ದು ಚೀಲದ ಲೆಕ್ಕದಲ್ಲಿ. ಪಕ್ಕದ ಪಟ್ಟಣ ಆರು ಗಂಟೆಯ ಚೀಲ. ನದಿಯಾಚೆಯ ದೊಡ್ಡ ಊರು ಹನ್ನೆರಡು ಗಂಟೆಯ ಚೀಲ. ಎರಡು ಸಲ ರೈಲು ಬದಲಿಸಿ ಹೋಗಬೇಕಾದ ಬಂದರು ಇಪ್ಪತ್ತು ಗಂಟೆಯ ಚೀಲ. ಅದರಿಂದಾಚೆಗೆ ಅವಳ ಭೂಗೋಳದಲ್ಲಿ ಊರೇ ಇರಲಿಲ್ಲ.

ಬಣ್ಣದ ಮೀನು ಸಾಕಿ ಊರೂರಿಗೆ ಕಳಿಸುವ ಶೆಡ್ಡೊಂದರಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಪ್ಯಾಕಿಂಗ್ ಮೇಜಿನ ಮುಂದೆ ನಿಂತವಳು. ಚೀಲಕ್ಕೆ ಒಂದು ಪಾಲು ನೀರು, ಮೀನು, ಆಮೇಲೆ ಸಿಲಿಂಡರಿನ ಕೊಳವೆ ಇಳಿಸಿ ಎರಡು ಪಾಲು ಆಮ್ಲಜನಕ, ಬಾಯಿ ತಿರುಚಿ ಮೂರು ಸುತ್ತು ರಬ್ಬರ್ ಬ್ಯಾಂಡು. ಮೀನಿಗೆ ದಾರಿಯುದ್ದಕ್ಕೂ ಉಸಿರು ಕಟ್ಟಿಕೊಡುವವಳು ಎಂದು ಅವಳಿಗೆ ಉಸಿರಕ್ಕ ಎಂಬ ಹೆಸರು ಬಿದ್ದಿತ್ತು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಗೆ ಗೊತ್ತಿತ್ತೇ ಹೊರತು ಶೆಡ್ಡಿಗೆ ಮರೆತೇ ಹೋಗಿತ್ತು. ಬಸ್ಸಿಗೆ ಹೋಗುವ ಚೀಲ ಬಿಗಿಯಾಗಿರಬೇಕು, ವಿಮಾನಕ್ಕೆ ಹೋಗುವ ಚೀಲದಲ್ಲಿ ಎರಡು ಬೆರಳು ಸಡಿಲ ಬಿಡಬೇಕು, ಮೇಲೆ ಹೋದಂತೆ ಅದು ಉಬ್ಬುತ್ತದೆ. ಇಂಥದ್ದನ್ನೆಲ್ಲ ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಒಡೆದ ಚೀಲಗಳು ಹೇಳಿಕೊಟ್ಟಿದ್ದವು.

ಆದರೆ ಪ್ಯಾಕಿಂಗ್ ಎಂದರೆ ಎಷ್ಟಾದರೂ ಬೇರೆಯವರು ಸಾಕಿದ್ದನ್ನು ಕಟ್ಟಿ ಕಳಿಸುವ ಕೆಲಸ. ತಾನೇ ಮರಿ ಮಾಡಿಸಬೇಕು ಎಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಶೆಡ್ಡಿನ ಹಿಂದೆ ಹನ್ನೆರಡು ಗಾಜಿನ ತೊಟ್ಟಿಗಳ ಕೋಣೆಯೊಂದಿತ್ತು. ದೊಡ್ಡ ಯಜಮಾನರು ಇದ್ದಾಗ ಅಲ್ಲಿ ಮರಿ ಮಾಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದಕ್ಕೆ ಬೀಗ. ಆ ಬೀಗದ ಮುಂದೆ ದಿನಕ್ಕೆ ನಲವತ್ತು ಸಲ ಓಡಾಡುತ್ತ ಅವಳು ಎಷ್ಟೋ ಗಾಳಿಗೋಪುರ ಕಟ್ಟಿದ್ದಳು. ಎರಡು ಸಲ ಬಾಯಿಬಿಟ್ಟು ಕೇಳಿಯೂ ಇದ್ದಳು. ಸಣ್ಣ ಯಜಮಾನರು, ಅಂದರೆ ಮಗ, ಒಳ್ಳೆಯ ಮನುಷ್ಯನೇ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಅಕ್ಕ ಅಕ್ಕ ಎಂದೇ ಮಾತಾಡಿಸುತ್ತಿದ್ದ. ಆದರೆ ಎರಡು ಸಲವೂ, ಮರಿ ಮಾಡಿಸೋದು ಬೇರೆ ವಿದ್ಯೆ, ನಿಮಗ್ಯಾಕೆ ಆ ತಲೆನೋವು ಎಂದು ನಕ್ಕು ಜಾರಿಕೊಂಡಿದ್ದ.

ಆ ನಗು ಅವಳಿಗೆ ಚುಚ್ಚಿತ್ತು. ಶೆಡ್ಡಿನಲ್ಲಿ ನೀಲಿಕಿವಿ ಎಂದು ಕರೆಯುವ ಒಂದು ಜಾತಿಯಿತ್ತು, ಹೆಬ್ಬೆರಳಿನಷ್ಟು ಉದ್ದ, ಕೆನ್ನೆಯ ಹತ್ತಿರ ಶಾಯಿ ಚೆಲ್ಲಿದಷ್ಟು ನೀಲಿ. ಬಲು ಪುಕ್ಕಲು ಮೀನು. ಮೊಟ್ಟೆ ಇಟ್ಟ ಮರುದಿನ ತಾನೇ ತಿಂದು ಹಾಕುತ್ತದೆ. ದೊಡ್ಡ ಯಜಮಾನರೇ ಕೈಚೆಲ್ಲಿದ್ದರು. ಉಸಿರಕ್ಕ ಒಂದು ಜೋಡಿಯನ್ನು ಕೇಳಿ ಪಡೆದು ಮನೆಗೊಯ್ದಳು, ಅತ್ತೆಯ ಮಂಚದ ಹಿಂದೆ ಗಾಜಿನ ತೊಟ್ಟಿಯಿಟ್ಟಳು, ಮೂರು ಕಡೆಗೂ ಹಳೆಯ ಹೊದಿಕೆ ಕಟ್ಟಿದಳು. ಮನುಷ್ಯರ ನೆರಳು ಸುಳಿದರೆ ಈ ಮೀನಿಗೆ ಜೀವ ಹಾರಿಹೋಗುತ್ತದೆ, ಹೆದರಿದಾಗಲೇ ಮೊಟ್ಟೆ ತಿನ್ನುತ್ತದೆ ಎಂಬುದು ಅವಳ ಊಹೆ. ಗಂಡ ದೂರದ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಹಾಗಾಗಿ ಕಾವಲಿಗೆ ಅತ್ತೆಯೇ ನಿಂತರು. ಎರಡು ತಿಂಗಳು ಆ ಮನೆಯಲ್ಲಿ ಯಾರೂ ಜೋರಾಗಿ ಸೀನಲಿಲ್ಲ. ಪಕ್ಕದ ಮನೆಯವಳು ಹರಟೆಗೆ ಬಂದರೆ ಅತ್ತೆ ಬಾಯಿಗೆ ಬೆರಳಿಟ್ಟು, ಬಾಣಂತಿ ಮಲಗಿದ್ದಾಳೆ ಎಂದು ಹೊರಗಿನಿಂದಲೇ ಸಾಗಹಾಕುತ್ತಿದ್ದರು. ಮೂರನೆಯ ಸಲದ ಮೊಟ್ಟೆ ಉಳಿಯಿತು. ಹದಿನಾಲ್ಕು ಮರಿ.

ಸಣ್ಣ ಯಜಮಾನ ಮನೆಗೆ ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೆರಡು ಸಲ ಮರಿ ಎಣಿಸಿದ. ಆಮೇಲೆ ಫೋಟೊ ತೆಗೆದು ಎಲ್ಲೆಲ್ಲಿಗೋ ಕಳಿಸಿದ. ಭೂಮಿಯ ಆ ಬದಿಯಿಂದ ಒಬ್ಬ ಹಲ್ಲಿನ ಡಾಕ್ಟರು ಉತ್ತರ ಬರೆದರು. ತನ್ನ ದವಾಖಾನೆಯಲ್ಲಿ ದೊಡ್ಡ ಮೀನಿನ ತೊಟ್ಟಿಯಿದೆ, ಒಂಬತ್ತು ವರ್ಷಗಳಿಂದ ನೀಲಿಕಿವಿಗಾಗಿ ಹುಡುಕುತ್ತಿದ್ದೇನೆ, ಆರು ಮರಿ ಬೇಕೇ ಬೇಕು, ಜೀವಂತ ಬೇಕು.

ಸಣ್ಣ ಯಜಮಾನ ಎರಡು ವಿಮಾನ ನಿಲ್ದಾಣಗಳ ಹೆಸರನ್ನು ಕಂಪ್ಯೂಟರಿಗೆ ಹಾಕಿ ದೂರ ನೋಡಿದಾಗ ಇಡೀ ಶೆಡ್ಡು ಅವನ ಬೆನ್ನ ಹಿಂದೆ ನಿಂತಿತ್ತು. ಹದಿಮೂರು ಸಾವಿರದ ಎಂಟುನೂರು ಕಿಲೋಮೀಟರು. ಎಲ್ಲೂ ಇಳಿಯದೆ ನೇರ ಹಾರಿದರೆ ಹದಿನಾರು ಗಂಟೆ ಇಪ್ಪತ್ತು ನಿಮಿಷ. ನಕ್ಷೆಯಲ್ಲಿ ಗೆರೆ ನೇರ ಹೋಗದೆ ಬಿಲ್ಲಿನಂತೆ ಬಾಗಿ, ಭೂಮಿಯ ನೆತ್ತಿಯ ಹಿಮದ ಮೇಲಿಂದ ಹಾದು ಆ ಕಡೆ ಇಳಿಯುತ್ತಿತ್ತು. ಉಸಿರಕ್ಕನಿಗೆ ಮೈ ಜುಮ್ಮೆಂದಿತು. ತಾನು ಬಸ್ಸಿನಲ್ಲಿ ಒಂಬತ್ತು ಗಂಟೆಗಿಂತ ಹೆಚ್ಚು ಕೂತವಳಲ್ಲ. ಅತ್ತೆಯ ಮಂಚದ ಹಿಂದಿನ ಮರಿಗಳು ಹಿಮದ ಮೇಲೆ ಹಾರುತ್ತವಂತೆ. ಅತ್ತೆಗೆ ಹೇಳಿದಾಗ ಅವರು ಮೊದಲು ಕೇಳಿದ್ದು, ಅವಕ್ಕೆ ನೆಗಡಿ ಆಗಲ್ವಾ ಎಂದು.

ಅಂದೇ ಸಣ್ಣ ಯಜಮಾನ ಅವಳನ್ನು ಪಕ್ಕಕ್ಕೆ ಕರೆದು ಮಾತು ಕೊಟ್ಟ.

"ಅಕ್ಕಾ, ಆರರಲ್ಲಿ ನಾಲ್ಕಾದ್ರೂ ಜೀವಂತ ತಲುಪಿದ್ರೆ ಹಿಂದಿನ ಕೋಣೆ ನಿಮ್ಮ ಕೈಗೆ. ಹನ್ನೆರಡು ತೊಟ್ಟಿನೂ ನಿಮ್ದೇ. ತಲುಪ್ಲಿಲ್ಲ ಅಂದ್ರೆ ಈ ಮಾತು ಇನ್ನು ಎತ್ತಬಾರ್ದು."

"ಆಯ್ತು," ಎಂದಳು ಉಸಿರಕ್ಕ.

ಟಿಕೆಟ್ಟಿನ ಕಾಗದ ಬಂದಾಗ ಸಣ್ಣದೊಂದು ತಮಾಷೆ ನಡೆಯಿತು. ಅದರಲ್ಲಿ, ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊರಟು ಸೋಮವಾರ ಸಂಜೆ ಐದೂ ಐವತ್ತಕ್ಕೆ ಇಳಿಯುತ್ತದೆ ಎಂದಿತ್ತು. ಶೆಡ್ಡಿನ ವ್ಯಾನಿನ ಡ್ರೈವರು ಅದನ್ನು ಓದಿ, ನಾಲ್ಕೇ ಗಂಟೆ ಕಣಕ್ಕ, ಆರು ಗಂಟೆಯ ಚೀಲ ಸಾಕು ಎಂದು ಸಾರಿಬಿಟ್ಟ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ ಇದೆಯಪ್ಪಾ ಎಂದು ಸಣ್ಣ ಯಜಮಾನ ಬಿಡಿಸಿ ಹೇಳಬೇಕಾಯಿತು. ಎಲ್ಲರ ಜತೆಗೆ ಉಸಿರಕ್ಕನೂ ಡ್ರೈವರನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುವಾಗ ಅವಳಿಗೆ ತಾನು ಬಲ್ಲವರ ಸಾಲಿನಲ್ಲಿದ್ದೇನೆ ಎಂಬ ಧೈರ್ಯವಿತ್ತು.

ಎರಡು ದಿನ ಮರಿಗಳಿಗೆ ಉಪವಾಸ. ತಿಂದ ಮೀನು ಚೀಲದ ನೀರನ್ನು ಕೆಡಿಸುತ್ತದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಅವಳು ಆರೂ ಮರಿಗಳನ್ನು ಒಂದೊಂದು ಚೀಲಕ್ಕೆ ಇಳಿಸಿದಳು. ಒಂದು ಪಾಲು ನೀರಿಗೆ ಈ ಸಲ ನಾಲ್ಕು ಪಾಲು ಉಸಿರು, ಚೀಲದ ಮೇಲೆ ಚೀಲ, ಕತ್ತಲಿರಲಿ ಎಂದು ಸುತ್ತಲೂ ದಿನಪತ್ರಿಕೆ, ಥರ್ಮಾಕೋಲ್ ಪೆಟ್ಟಿಗೆಯ ಮೂಲೆಗೆ ಬಿಸಿ ಪೊಟ್ಟಣ. ಮೂವತ್ತು ಗಂಟೆ ಖಂಡಿತ ತಡೆಯುತ್ತದೆ. ಮೂವತ್ತಾರರ ತನಕ ಎಳೆಯಬಹುದು. ಕೊನೆಯ ಆರು ಗಂಟೆ ಮಾತ್ರ ದೇವರ ಮೇಲೆ ಭಾರ.

ಕೊನೆಗೆ ಮಾರ್ಕರ್ ತೆಗೆದುಕೊಂಡಳು. ಪೆಟ್ಟಿಗೆಯ ಮೇಲೆ ಎಷ್ಟು ಹೊತ್ತಿನೊಳಗೆ ತೆರೆಯಬೇಕು ಎಂದು ಬರೆಯುವುದು ಆ ಶೆಡ್ಡಿನ ಪದ್ಧತಿ. ಬರೆಯುವವಳು ಅವಳೇ. ಗೋಡೆಯ ಗಡಿಯಾರ ನೋಡಿದಳು, ಮೂವತ್ತಾರು ಕೂಡಿದಳು, ದಪ್ಪ ಅಕ್ಷರದಲ್ಲಿ ಬರೆದಳು: ಮಂಗಳವಾರ ರಾತ್ರಿ ಎಂಟರೊಳಗೆ ತೆರೆಯಿರಿ. ಅದರ ಕೆಳಗೆ ಸಣ್ಣ ಯಜಮಾನ ಅದನ್ನೇ ಇಂಗ್ಲಿಷಿನಲ್ಲಿ ಬರೆದು, ಮಳೆಗೆ ಅಳಿಸದಿರಲಿ ಎಂದು ಮೇಲೆ ಟೇಪನ್ನೂ ಅಂಟಿಸಿದ. ಪೆಟ್ಟಿಗೆ ವ್ಯಾನಿಗೇರಿತು.

ಆ ಸಂಜೆ ಮನೆಯಲ್ಲಿ ಅಡುಗೆ ಸೀದುಹೋಯಿತು. ಹಾರುವ ವಿಮಾನವನ್ನು ಫೋನಿನಲ್ಲಿ ನೋಡುವ ವ್ಯವಸ್ಥೆಯನ್ನು ಸಣ್ಣ ಯಜಮಾನ ಹಾಕಿಕೊಟ್ಟಿದ್ದ. ನಕ್ಷೆಯ ಮೇಲೆ ಅಕ್ಕಿಕಾಳಿನಷ್ಟು ಹಳದಿ ವಿಮಾನ, ಪಕ್ಕದಲ್ಲಿ ಹೋದ ದೂರ, ಉಳಿದ ದೂರ. ಅತ್ತೆ ಕನ್ನಡಕ ಒರೆಸಿ ಒರೆಸಿ ನೋಡಿದರು. ಮೊದಮೊದಲು, ಇದು ಅಲ್ಲಾಡ್ತಾನೇ ಇಲ್ಲ, ಕೆಟ್ಟು ನಿಂತಿದೆ ಎಂದು ಗಾಬರಿಪಟ್ಟರು. ಗಂಟೆಗೆ ಒಂಬೈನೂರು ಕಿಲೋಮೀಟರ್ ವೇಗ ಎಂದು ಸೊಸೆ ಓದಿ ಹೇಳಿದ ಮೇಲೆ ಪಕ್ಕದ ಮನೆಯವಳನ್ನು ಕೂಗಿ ಕರೆದು, ನಮ್ಮನೆ ಮೀನು ಈಗ ಮೂರು ದೇಶ ದಾಟಿದ್ವು ಎಂದು ವರದಿ ಒಪ್ಪಿಸಿದರು. ಮಲಗುವಾಗ ವಿಮಾನ ಹಿಮದ ಅಂಚಿನಲ್ಲಿತ್ತು.

ಮಂಗಳವಾರ ಬೆಳಗ್ಗೆ ಆರೂಕಾಲಿಗೆ ಇಬ್ಬರೂ ಮಂಚದ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಉಳಿದ ದೂರ ನಲವತ್ತು, ಇಪ್ಪತ್ತು, ಒಂಬತ್ತು. ಹಳದಿ ಕಾಳು ಚುಕ್ಕಿಯ ಮೇಲೆ ಹೋಗಿ ಕೂತಿತು. ಇಳಿಯಿತು ಎಂದು ಉಸಿರಕ್ಕ ಅತ್ತೆಯ ಕೈ ಹಿಡಿದು ಕುಲುಕಿದಳು. ಅತ್ತೆಯ ಕಣ್ಣು ಮಾತ್ರ ಪರದೆಯ ಮೂಲೆಯಲ್ಲಿ ನೆಟ್ಟಿತ್ತು. ಅಲ್ಲಿ ಆ ಊರಿನ ವಾರ ಮತ್ತು ಹೊತ್ತು ತೋರಿಸುತ್ತಿತ್ತು.

"ಏನೇ ಇದು, ಸೋಮವಾರ ಸಂಜೆ ಅಂತಿದೆ? ನಮ್ಮ ಮೀನು ಹೋಗಿ ನಿನ್ನೇಲಿ ಇಳಿದ್ವಾ?"

ಉಸಿರಕ್ಕ ನಗಲು ಬಾಯಿ ತೆರೆದಳು. ನಗು ಅಲ್ಲೇ ನಿಂತಿತು.

ಪೆಟ್ಟಿಗೆಯ ಮೇಲೆ ಮಂಗಳವಾರ ರಾತ್ರಿ ಎಂಟು ಎಂದು ಬರೆದದ್ದು ಶೆಡ್ಡಿನ ಗಡಿಯಾರ ನೋಡಿ. ಅದನ್ನು ಓದುವವನು ನೋಡುವುದು ತನ್ನ ಗಡಿಯಾರವನ್ನು. ಅಲ್ಲಿ ಮಂಗಳವಾರ ರಾತ್ರಿ ಎಂಟಾಗುವಾಗ ಇಲ್ಲಿ ಬುಧವಾರ ಬೆಳಗ್ಗೆ ಎಂಟೂವರೆಯಾಗಿರುತ್ತದೆ. ಚೀಲ ಕಟ್ಟಿ ಅಷ್ಟೊತ್ತಿಗೆ ನಲವತ್ತೆಂಟೂವರೆ ಗಂಟೆ. ಹನ್ನೆರಡೂವರೆ ಗಂಟೆಯ ವ್ಯತ್ಯಾಸ ಅವಳ ತಲೆಗೆ ಗೊತ್ತಿತ್ತು, ಡ್ರೈವರನ್ನು ನೋಡಿ ನಕ್ಕವಳೂ ಅವಳೇ. ಆದರೆ ಮಾರ್ಕರ್ ಹಿಡಿದದ್ದು ತಲೆಯಲ್ಲ, ಹತ್ತೊಂಬತ್ತು ವರ್ಷ ಒಂದೇ ಗಡಿಯಾರ ನೋಡಿ ಬರೆದ ಕೈ.

ಇನ್ನೊಂದು ಯೋಚನೆ ಹಿಂದೆಯೇ ಬಂತು, ಅದು ಇನ್ನೂ ಕೆಟ್ಟದ್ದು. ಪೆಟ್ಟಿಗೆಗಳನ್ನು ಸಾಲಾಗಿ ಇಡುವವರ ಕಣ್ಣು ಅವಳಿಗೆ ಗೊತ್ತು, ಅದು ಅವಳದೇ ಕಣ್ಣು. ಗಡುವು ಹತ್ತಿರ ಇರುವ ಪೆಟ್ಟಿಗೆ ಮುಂದಕ್ಕೆ, ದೂರ ಇರುವುದು ಹಿಂದಕ್ಕೆ. ಸೋಮವಾರ ಸಂಜೆ ಬಂದಿಳಿದ ಪೆಟ್ಟಿಗೆಯ ಮೇಲೆ ಮಂಗಳವಾರ ರಾತ್ರಿ ಎಂದಿದ್ದರೆ, ಇದಕ್ಕೆ ಅವಸರವಿಲ್ಲ, ನಾಳೆ ನೋಡೋಣ ಎಂದು ಅವಳಾದರೂ ಮೂಲೆಗೆ ಸರಿಸುತ್ತಿದ್ದಳು.

ಅವಳು ಚಪ್ಪಲಿಯನ್ನೂ ನೋಡದೆ ಹೊರಟಳು. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಅತ್ತೆಯದು. ಹಾಲಿನ ಅಂಗಡಿಯವನು ಏನಕ್ಕ ಬೆಂಕಿಗಿಂಕಿ ಬಿತ್ತಾ ಎಂದು ಕೇಳುವಷ್ಟರಲ್ಲಿ ಅವಳು ತಿರುವು ದಾಟಿದ್ದಳು. ಸಣ್ಣ ಯಜಮಾನ ಶೆಡ್ಡಿನ ಮೇಲಿನ ಕೋಣೆಯಲ್ಲೇ ಇರುತ್ತಿದ್ದ. ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಾಗಿಲು ತೆರೆದ. ಮೆಟ್ಟಿಲು ಹತ್ತುವಾಗ ಅವಳ ಮನಸ್ಸಿನಲ್ಲಿ ಒಂದು ಸಣ್ಣ ಮಾತು ಸುಳಿದಿತ್ತು: ಸುಮ್ಮನಿದ್ದುಬಿಡು, ಸತ್ತರೆ ದೂರ ಹೆಚ್ಚಾಯಿತು ಎಂದುಕೊಳ್ಳುತ್ತಾರೆ, ನಿನ್ನ ಕೈಬರಹ ಯಾರು ನೋಡುತ್ತಾರೆ. ಬಾಗಿಲು ತೆರೆದಾಗ ಆ ಮಾತಿಗೆ ಅವಳು ಜಾಗ ಕೊಡಲಿಲ್ಲ.

"ತಪ್ಪು ನಂದೇ. ನಮ್ಮ ಗಡಿಯಾರ ನೋಡಿ ಬರ್ದುಬಿಟ್ಟೆ. ಅವರಿಗೆ ಈಗ್ಲೇ ಫೋನ್ ಮಾಡಿ, ಅವರಲ್ಲಿ ಬೆಳಗಾದ್ಮೇಲೆ ಮೀನು ಉಳಿಯಲ್ಲ ಅಂತ ಹೇಳಿ."

ಅವನು ಬ್ರಷ್ಷು ತೆಗೆದು, ಹತ್ತೊಂಬತ್ತು ವರ್ಷ ಬರೆದವರು ನೀವು ಹೀಗೆ ಮಾಡಿದರೆ ಹೇಗೆ ಎಂದು ರೇಗಲು ಶುರುಮಾಡಿದವನು ಅರ್ಧಕ್ಕೇ ನಿಂತ. ಅದನ್ನೇ ಇಂಗ್ಲಿಷಿನಲ್ಲಿ ನಕಲು ಮಾಡಿ ಟೇಪು ಅಂಟಿಸಿದ ಕೈ ಯಾರದೆಂದು ನೆನಪಾಗಿರಬೇಕು. ಫೋನು ತೆಗೆದುಕೊಂಡ. ಅದರಲ್ಲಿ ಆಗಲೇ ಡಾಕ್ಟರಿಂದ ಖುಷಿಯ ಸಂದೇಶ ಬಂದು ಕೂತಿತ್ತು. ಪೆಟ್ಟಿಗೆ ಇಳಿದಿದೆ, ಇನ್ನೂ ಒಂದು ದಿನದ ಮೇಲೆ ಸಮಯ ಇದೆಯೆಂದು ಸರಕಿನ ಕಚೇರಿಯವರು ಹೇಳಿದ್ದಾರೆ, ನಾಳೆ ಮೂರು ಗಂಟೆಗೆ ತಪಾಸಣೆಗೆ ಇಟ್ಟಿದ್ದಾರೆ, ಆಮೇಲೆ ತರುತ್ತೇನೆ.

ನಾಳೆ ಮೂರು ಗಂಟೆ. ಉಸಿರಕ್ಕ ಬೆರಳು ಮಡಿಚಿ ಎಣಿಸಿದಳು. ನಲವತ್ಮೂರೂವರೆ ಗಂಟೆಯ ಚೀಲ. ಅಂಥ ಚೀಲ ಅವಳಿಗೆ ಕಟ್ಟಲು ಬರುವುದಿಲ್ಲ, ಯಾರಿಗೂ ಬರುವುದಿಲ್ಲ.

ಮೊದಲ ಸಲ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಎರಡನೆಯ ಸಲ ದವಾಖಾನೆಯ ಹೆಂಗಸೊಬ್ಬಳು ಎತ್ತಿಕೊಂಡು, ಡಾಕ್ಟರ ಎರಡೂ ಕೈ ಒಬ್ಬರ ಬಾಯಲ್ಲಿವೆ, ಆಮೇಲೆ ಮಾಡಿ ಎಂದಳು. ಸಣ್ಣ ಯಜಮಾನ ಇಂಗ್ಲಿಷಿನಲ್ಲಿ ಅದೆಷ್ಟು ಜೋರಾಗಿ ಕೂಗಿದನೆಂದರೆ ಕೆಳಗೆ ತೊಟ್ಟಿ ತೊಳೆಯುತ್ತಿದ್ದವರು ಮೇಲೆ ನೋಡಿದರು. ಕೊನೆಗೆ ಡಾಕ್ಟರೇ ಬಂದರು. ವಿಷಯ ತಿಳಿದದ್ದೇ ತಡ, ಆ ಕಡೆಯಿಂದ ಬಡಬಡ ಮಾತು. ಅದನ್ನು ಸಣ್ಣ ಯಜಮಾನ ತುಂಡುತುಂಡಾಗಿ ಅವಳಿಗೆ ದಾಟಿಸಿದ: ಅಲ್ಲಿ ಈಗ ಸಂಜೆ ಏಳು. ಜೀವಂತ ಸರಕಿನ ಕಿಟಕಿ ಮುಚ್ಚುವುದು ಒಂಬತ್ತಕ್ಕೆ, ಅಷ್ಟರೊಳಗೆ ಹೋದರೆ ತಪಾಸಣೆಯನ್ನು ಇವತ್ತೇ ಮಾಡಿಸಿಕೊಳ್ಳಬಹುದು. ದವಾಖಾನೆಯಿಂದ ನಿಲ್ದಾಣಕ್ಕೆ ಒಂದೂಕಾಲು ಗಂಟೆಯ ದಾರಿ, ವಾಹನ ದಟ್ಟಣೆ ಬೇರೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ಹಲ್ಲಿಗೆ ತಾತ್ಕಾಲಿಕವಾಗಿ ಏನಾದರೂ ತುಂಬಿ ಹೊರಡುತ್ತೇನೆ.

ಹದಿಮೂರು ಸಾವಿರದ ಎಂಟುನೂರು ಕಿಲೋಮೀಟರು ಕ್ಷೇಮವಾಗಿ ಮುಗಿದಿತ್ತು. ಈಗ ಜೀವ ತೂಗುತ್ತಿದ್ದದ್ದು ಕೊನೆಯ ಒಂದೂಕಾಲು ಗಂಟೆಯ ದಾರಿಯಲ್ಲಿ.

ಉಸಿರಕ್ಕ ಕೆಳಗಿಳಿದು ಮೇಜಿನ ಮುಂದೆ ನಿಂತಳು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಪಕ್ಕದ ಪಟ್ಟಣದ ಚೀಲಗಳನ್ನು ಕಟ್ಟತೊಡಗಿದಳು. ಒಂದು ಚೀಲಕ್ಕೆ ರಬ್ಬರ್ ಬ್ಯಾಂಡನ್ನು ಏಳು ಸುತ್ತು ಸುತ್ತಿದಳು, ಇನ್ನೊಂದಕ್ಕೆ ಮೀನು ಹಾಕುವುದನ್ನೇ ಮರೆತು ಬರೀ ನೀರು ಕಟ್ಟಿದಳು. ಡ್ರೈವರು ಅದನ್ನೆತ್ತಿ ಬೆಳಕಿಗೆ ಹಿಡಿದು, ಇದು ಯಾವ ಜಾತಿಯದಕ್ಕಾ, ಕಾಣ್ತಾನೇ ಇಲ್ಲ ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಉತ್ತರ ಸಿಗುತ್ತಿತ್ತು. ಎಂಟಾಯಿತು. ಒಂಬತ್ತಾಯಿತು. ಅಷ್ಟರಲ್ಲಿ ಅತ್ತೆ, ಉಳಿದ ಬೆಸ ಚಪ್ಪಲಿಗಳನ್ನೇ ಮೆಟ್ಟಿಕೊಂಡು, ಏದುಸಿರು ಬಿಡುತ್ತ ಶೆಡ್ಡಿಗೆ ಬಂದು ಮಗುಚಿದ ಬಕೆಟ್ಟಿನ ಮೇಲೆ ಕೂತುಬಿಟ್ಟರು.

ಒಂಬತ್ತೂ ಇಪ್ಪತ್ತಕ್ಕೆ ಸಣ್ಣ ಯಜಮಾನನ ಫೋನು ಟಿಂಗ್ ಎಂದಿತು. ಫೋಟೊ. ಕಾರಿನ ಮುಂದಿನ ಸೀಟು, ಅದರ ಮೇಲೆ ಥರ್ಮಾಕೋಲ್ ಪೆಟ್ಟಿಗೆ, ಅದಕ್ಕೆ ಅಡ್ಡಲಾಗಿ ಸೀಟ್ ಬೆಲ್ಟು. ಶೆಡ್ಡಿನಲ್ಲಿ ಹೋ ಎಂದು ಕೂಗೆದ್ದಿತು. ಹತ್ತು ನಿಮಿಷ ಇರುವಂತೆ ಸಿಕ್ಕಿದೆ ಎಂದು ಡ್ರೈವರು ಉಸಿರಕ್ಕನ ಬೆನ್ನಿಗೆ ಗುದ್ದಿದ. ಅವಳು ಮಾತ್ರ ಕೂಗಲಿಲ್ಲ. ಪೆಟ್ಟಿಗೆ ಸಿಕ್ಕಿದೆ ಸರಿ, ಒಳಗಿರುವುದು?

ಹತ್ತೂಮುಕ್ಕಾಲಿಗೆ ಡಾಕ್ಟರ ವಿಡಿಯೊ ಕರೆ ಬಂತು. ದವಾಖಾನೆಯ ಒಂದು ಕೋಣೆ, ಮಂದ ದೀಪ, ತೊಟ್ಟಿಯ ನೀರಿನ ಮೇಲೆ ಆರು ಚೀಲಗಳು ತೇಲುತ್ತಿದ್ದವು. ಡಾಕ್ಟರು ಬೋಳುತಲೆಯವರು, ಕೊರಳಲ್ಲಿ ಇನ್ನೂ ದವಾಖಾನೆಯ ಮುಖಗವಸು ನೇತಾಡುತ್ತಿತ್ತು. ಸಣ್ಣ ಯಜಮಾನ ಫೋನು ಹಿಡಿದ, ಉಳಿದವರು ಮುತ್ತಿಕೊಂಡರು. ಮೊದಲ ಚೀಲದ ಮರಿ ಬಾಯಿ ಮುಚ್ಚಿ ತೆರೆಯುತ್ತಿತ್ತು, ಒಂದು. ಎರಡನೆಯದು ಬೆಳಕು ಕಂಡು ಥಟ್ಟನೆ ತಿರುಗಿತು. ಮೂರು. ನಾಲ್ಕು ಎನ್ನುವಾಗ ಅತ್ತೆ ಬಕೆಟ್ಟಿನಿಂದ ಎದ್ದು ನಿಂತಿದ್ದರು. ಐದು.

ಆರನೆಯದು ಮಗ್ಗುಲಾಗಿ ಮಲಗಿತ್ತು. ಡಾಕ್ಟರು ಚೀಲವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಕಾಯೋಣ, ಚೇತರಿಸಿಕೊಳ್ಳಬಹುದು ಎಂದರಂತೆ. ಉಸಿರಕ್ಕನಿಗೆ ಕಾಯುವ ಅಗತ್ಯವಿರಲಿಲ್ಲ. ಹತ್ತೊಂಬತ್ತು ವರ್ಷ ನೋಡಿದ ಕಣ್ಣು. ಐದು ಉಳಿದವು ಎಂಬ ಸಂತೋಷ ಎದೆಯಲ್ಲಿ ಉಕ್ಕುತ್ತಿರುವಾಗಲೇ ಆ ಒಂದಕ್ಕಾಗಿ ಕರುಳು ಚುರುಕ್ಕೆಂದಿತು. ಹದಿನಾಲ್ಕರಲ್ಲಿ ಬಾಲದ ತುದಿ ಸ್ವಲ್ಪ ಸೊಟ್ಟಗಿದ್ದದ್ದು ಅದೊಂದಕ್ಕೇ. ಅತ್ತೆಗೂ ಗುರುತು ಸಿಕ್ಕಿರಬೇಕು, ಸೊಸೆಯ ತೋಳು ಹಿಡಿದುಕೊಂಡರು.

ಡಾಕ್ಟರು ಏನೋ ಕೇಳಿದರು. ಇಷ್ಟು ಚೆನ್ನಾಗಿ ಕಟ್ಟಿದ್ದು ಯಾರು ಎಂದು ಕೇಳುತ್ತಿದ್ದಾರೆ ಎಂದು ಸಣ್ಣ ಯಜಮಾನ ಹೇಳಿದ. ಹೇಳಿದವನು ಫೋನನ್ನು ಉಸಿರಕ್ಕನ ಕಡೆ ತಿರುಗಿಸಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ, ಮತ್ತೆ ಅದನ್ನೇ ಅವಳಿಗೂ ಶೆಡ್ಡಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದ.

"ಕಟ್ಟಿದ್ದು ಅಷ್ಟೇ ಅಲ್ಲ ಅಂದೆ. ಮರಿ ಮಾಡಿಸಿದ್ದೂ ಇವರೇ, ನಮ್ಮಲ್ಲಿ ಮರಿ ಮಾಡಿಸೋರು ಇವರೇ ಅಂದೆ."

ಉಸಿರಕ್ಕನಿಗೆ ಕಣ್ಣು ಮಂಜಾಯಿತು. ಪರದೆಯ ಮೇಲಿನ ಬೋಳುತಲೆ ನೀರಿನಲ್ಲಿ ತೇಲಿದಂತೆ ಕಂಡಿತು. ಖುಷಿಯಾಗಿತ್ತು, ತಡೆಯಲಾರದಷ್ಟು ಖುಷಿಯಾಗಿತ್ತು, ಆದರೆ ಅಳುತ್ತ ನಿಲ್ಲಲು ಅದು ಹೊತ್ತಲ್ಲ. ಡಾಕ್ಟರ ಕೈ ತೊಟ್ಟಿಯ ಪಕ್ಕದ ಆಹಾರದ ಡಬ್ಬಿಯ ಕಡೆ ಹೋಗುತ್ತಿದ್ದದ್ದನ್ನು ಅವಳು ಕಂಡಳು. ಉಪವಾಸವಿದ್ದು, ಹೆದರಿ, ಬಳಲಿ ಬಂದ ಮೀನಿಗೆ ಬಂದ ಕೂಡಲೇ ತಿನ್ನಿಸಿದರೆ ಬದುಕಿದವೂ ಬದುಕುವುದಿಲ್ಲ. ಆ ಮನುಷ್ಯನಿಗೆ ತನ್ನ ಭಾಷೆ ಬರುವುದಿಲ್ಲ ಎಂಬುದನ್ನೂ ಮರೆತು ಅವಳು ಸಣ್ಣ ಯಜಮಾನನ ಕೈಯಿಂದ ಫೋನು ಕಿತ್ತುಕೊಂಡು ಬಾಯಿಯ ಹತ್ತಿರ ಹಿಡಿದಳು.

"ಇವತ್ತೇನೂ ಹಾಕ್ಬೇಡಿ, ಡಾಕ್ಟ್ರೇ. ದೀಪ ಆರಿಸಿ, ಮಲಗಲಿ. ನಾಳೆ ಬೆಳಗ್ಗೆ ಒಂದು ಚಿಟಿಕೆ ಹಾಕಿ," ಎಂದವಳು ಒಂದು ಗಳಿಗೆ ತಡೆದು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. "ನಾಳೆ ಬೆಳಗ್ಗೆ ಅಂದ್ರೆ, ನಿಮ್ಮ ಬೆಳಗ್ಗೆ."